ಮೇಷ್ಟ್ರು ಪುಪ್ಪುಸ ಕೇಳಿದ್ದು

ಕ್ರಿಸ್‌ಮಸ್ಸಿಗೆಂದು ಊರೆಲ್ಲ ಹಂದಿ ಕೊಯ್ಯುವ ಇಗ್ನಾತ್ ಹಬ್ಬದ ಬೆಳಿಗ್ಗೆ ಪಕ್ಕದ ಮನೆಯ ಹಂದಿ ಕಡೆಯ ಸಲ ಕಿರುಚಿಕೊಂಡಾಗ ಟ್ರಯಾನ್ ಮೇಷ್ಟ್ರ ತಲೆಯಲ್ಲಿ ಒಂದು ಯೋಚನೆ ಹೊಳೆಯಿತು. ಆ ಯೋಚನೆಯೂ ಹಂದಿಯ ಜೊತೆಗೇ ಪ್ರಾಣ ಬಿಟ್ಟಿದ್ದರೆ ಎಲ್ಲರಿಗೂ ಕ್ಷೇಮವಿತ್ತು.

ಮಧ್ಯಾಹ್ನ ಪೇಟೆಯಿಂದ ಇನ್ಸ್‌ಪೆಕ್ಟರ್ ಕೊರ್ನೆಲಿಯಾ ಪಾಠ ನೋಡಲು ಬರುವವರಿದ್ದರು. ಅವರ ಕಾರಿನಲ್ಲಿ ಸೂಕ್ಷ್ಮದರ್ಶಕ, ಮಸೂರ, ಅಯಸ್ಕಾಂತಗಳೆಲ್ಲ ತುಂಬಿದ ವಿಜ್ಞಾನದ ಪೆಟ್ಟಿಗೆಯೊಂದು ಬರುತ್ತದೆಂದೂ, ಕಣಿವೆಯ ಎರಡು ಶಾಲೆಗಳಲ್ಲಿ ಒಂದಕ್ಕೆ ಮಾತ್ರ ಅದರ ಯೋಗವೆಂದೂ ಸುದ್ದಿ. ಟ್ರಯಾನ್ ಮೇಷ್ಟ್ರ ಶಾಲೆಯಲ್ಲಿದ್ದ ಸಲಕರಣೆಯೆಂದರೆ ಗೋಡೆಯ ಮೇಲಿನ ಒಂದು ಚಿತ್ರಪಟ. ಅದರಲ್ಲಿ ಮನುಷ್ಯನ ಎದೆಯನ್ನು ಇಲಿ ತಿಂದುಹಾಕಿತ್ತು. ಉಸಿರು ಎಲ್ಲಿಗೆ ಹೋಗುತ್ತದೆ ಎಂದು ಮಕ್ಕಳು ಕೇಳಿದರೆ ಮೇಷ್ಟ್ರು ಆ ತೂತಿನ ಕಡೆ ಬೆರಳು ತೋರಿಸುತ್ತಿದ್ದರು.

ಅವರು ಬೇಲಿಯ ಮೇಲೆ ಬಗ್ಗಿ ಕೇಳಿದರು: "ಸಾವೆತಾ ಅಜ್ಜೀ, ನಿಮ್ಮ ಹಂದಿಯ ಪುಪ್ಪುಸ ನನಗೆ ಕೊಡ್ತೀರಾ?"

ಅಜ್ಜಿ ಕೈಲಿದ್ದ ಚಾಕು ಕೆಳಗಿಟ್ಟಳು. "ಪುಪ್ಪುಸಾನಾ? ಅಯ್ಯೋ ನನ್ನಪ್ಪಾ, ಅದನ್ನ ನಾಯಿಗೂ ಯೋಚನೆ ಮಾಡಿ ಹಾಕ್ತೀವಿ!"

"ಶ್ವಾಸಕೋಶದ ಪಾಠಕ್ಕೆ ಬೇಕು ಅಜ್ಜಿ. ಮಕ್ಕಳು ಮುಟ್ಟಿ ನೋಡ್ಲಿ ಅಂತ."

"ಪಾಠವಂತೆ ಪಾಠ! ಹೊಟ್ಟೆಗಿಲ್ಲ ಅನ್ನೋಕೆ ಸಂಕೋಚ ಯಾಕೆ ಮಗಾ? ಊರೇನು ಸತ್ತುಹೋಗಿದ್ಯಾ?" ಎಂದವಳೇ ಹಂದಿಯ ಇಡೀ ತೊಡೆಯನ್ನು ಕೂಸಿನ ಹಾಗೆ ಮೇಷ್ಟ್ರ ತೋಳಿಗೆ ಒಪ್ಪಿಸಿದಳು.

ಮೇಷ್ಟ್ರು ಮುಂದಿನ ಮನೆಗೆ ಹೋದರು. ಅಲ್ಲಿ ಸಾಸೇಜಿನ ಸರ ಕೊರಳಿಗೆ ಬಿತ್ತು. ಅದರಾಚೆಯ ಮನೆಯವರು ಪ್ಲಮ್ ಬ್ರಾಂದಿಯ ಬಾಟಲಿಯನ್ನು ಜೇಬಿಗೇ ತುರುಕಿದರು. ಮೇಷ್ಟ್ರು ಹಸಿವು ತಾಳಲಾರದೆ ಪುಪ್ಪುಸ ಬೇಡುತ್ತಿದ್ದಾರೆಂಬ ಸುದ್ದಿ ಅವರಿಗಿಂತ ಮೊದಲೇ ಶಾಲೆ ತಲುಪಿತ್ತು. ಅವರು ಬಾಗಿಲು ತೆರೆದಾಗ ಮೇಜಿನ ಮೇಲೆ ಕೊಬ್ಬು, ಪಕ್ಕೆಲುಬು, ಎಲೆಕೋಸಿನ ಸುರುಳಿಗಳ ಪಾತ್ರೆ, ಎಲ್ಲವೂ ಇದ್ದವು. ಪುಪ್ಪುಸ ಮಾತ್ರ ಇರಲಿಲ್ಲ.

ಹಿಂದೆಯೇ ಪಾದ್ರಿ ಗೆರಾಸಿಮ್ ಗಡ್ಡ ಹಾರಿಸುತ್ತ ಬಂದರು. "ಕ್ರಿಸ್‌ಮಸ್ ಉಪವಾಸ ಇನ್ನೂ ಮುಗಿದಿಲ್ಲ, ಆಗ್ಲೇ ಶಾಲೆ ತುಂಬಾ ಮಾಂಸ! ಏನ್ರೀ ಇದು?"

"ಸ್ವಾಮಿ, ನಾನು ತಿನ್ನೋದಿಲ್ಲ, ಊದ್ತೀನಿ."

"ಏನನ್ನ?"

"ಪುಪ್ಪುಸಾನ."

ಪಾದ್ರಿ ಹತ್ತಿರ ಬಂದು ಮೇಷ್ಟ್ರ ಬಾಯಿ ಮೂಸಿದರು. ಬ್ರಾಂದಿಯ ವಾಸನೆಯಿರಲಿಲ್ಲ. ಆಮೇಲೆ ನಿಟ್ಟುಸಿರಿಟ್ಟು, "ನಮ್ಮನೆ ಹಂದೀದು ಇನ್ನೂ ಕೊಕ್ಕೆಗೆ ನೇತಾಡ್ತಿದೆ. ಬಾಯಿಗೆ ಹಾಕಲ್ಲ ಅಂತ ಆಣೆ ಮಾಡಿದ್ರೆ ಕೊಡ್ತೀನಿ," ಎಂದರು. ಮೇಷ್ಟ್ರು ಎರಡೂ ಕೈ ಎತ್ತಿ ಆಣೆ ಮಾಡಿದರು.

ಇನ್ಸ್‌ಪೆಕ್ಟರ್ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಮೇಷ್ಟ್ರು ಆ ಪುಪ್ಪುಸದ ಶ್ವಾಸನಾಳಕ್ಕೆ ಸೈಕಲ್ ಪಂಪಿನ ಕೊಳವೆ ತೂರಿಸಿ ಒಂದು ಸಲ ಒತ್ತಿದರು. ಪಾದ್ರಿಗಳ ಚಾಕು ತಗುಲಿದ್ದ ಜಾಗದಿಂದ ಗಾಳಿ ಸೊಂಯ್ ಎಂದು ಸಿಳ್ಳೆ ಹಾಕಿತು. ಮಕ್ಕಳೆಲ್ಲ ಗೊಳ್ಳೆಂದರು. ಮುಂದಿನ ಸಾಲಿನ ಇಲಿಂಕಾ ಎದ್ದುಬಂದು ತೂತಿಗೆ ಹೆಬ್ಬೆರಳು ಒತ್ತಿದಳು. ಈ ಸಲ ಪುಪ್ಪುಸ ಒಲೆಯ ಪಕ್ಕ ಹುದುಗಲು ಇಟ್ಟ ಹಿಟ್ಟಿನ ಮುದ್ದೆಯಂತೆ ಉಬ್ಬಿತು, ಗುಲಾಬಿ ಬಣ್ಣಕ್ಕೆ ತಿರುಗಿತು, ಮತ್ತೆ ಮೆಲ್ಲಗೆ ಇಳಿಯಿತು. ಮರುಕ್ಷಣ ಮಕ್ಕಳು ಒಬ್ಬರ ಎದೆಗೊಬ್ಬರು ಕಿವಿ ಹಚ್ಚಿ ಕೂತಿದ್ದರು.

"ನಾನೂ ಒಂದ್ಸಲ," ಎಂದು ಇನ್ಸ್‌ಪೆಕ್ಟರ್ ಪಂಪು ಕಿತ್ತುಕೊಂಡರು.

ಕಿಟಕಿಯಿಂದ ಸಾವೆತಾ ಅಜ್ಜಿ ಕೂಗಿದಳು: "ಹುಟ್ಟಿದಾಗಿಂದ ಹಂದಿ ಕೊಯ್ತಿದೀನಿ, ಇದು ಹೀಗೆ ಉಬ್ಬುತ್ತೆ ಅಂತ ಗೊತ್ತೇ ಇರ್ಲಿಲ್ಲ! ಅಂದ್ರೆ ನಿನಗೆ ನಿಜವಾಗ್ಲೂ ಹಸಿವಿರ್ಲಿಲ್ವಾ?"

"ಇಲ್ಲಜ್ಜಿ," ಎಂದರು ಮೇಷ್ಟ್ರು ಹೆಮ್ಮೆಯಿಂದ.

ಪಾಠ ಮುಗಿಯುವಷ್ಟರಲ್ಲಿ ಹೆಂಗಸರು ತಂತಮ್ಮ ಪಾತ್ರೆ, ತೊಡೆ, ಸಾಸೇಜು ಎತ್ತಿಕೊಂಡು ಹೋಗಿಯಾಗಿತ್ತು.

ಹೋದರೆ ಹೋಗಲಿ. ಮೇಷ್ಟ್ರ ಕಣ್ಣು ಕಾರಿನ ಮೇಲಿತ್ತು. ಇನ್ಸ್‌ಪೆಕ್ಟರ್ ಬಂದು ಮೇಷ್ಟ್ರ ಎರಡೂ ಕೈ ಹಿಡಿದು ಕುಲುಕಿದರು. "ಇಂಥ ಪಾಠ ನಾನು ಎಲ್ಲೂ ನೋಡಿಲ್ಲ! ಈಗ ನನಗೆ ಅನುಮಾನವೇ ಉಳಿದಿಲ್ಲ."

"ಹಾಗಾದ್ರೆ ಪೆಟ್ಟಿಗೆ ಇಳಿಸ್ಲಾ ಮೇಡಂ?"

"ಪೆಟ್ಟಿಗೆ ನಿಮಗ್ಯಾಕೆ ಮೇಷ್ಟ್ರೇ? ಇಡೀ ಊರೇ ನಿಮ್ಮ ಪ್ರಯೋಗಶಾಲೆ! ಇದು ಆಚೆ ಊರಿಗೆ. ಪಾಪ, ಅಲ್ಲಿನ ಮೇಷ್ಟ್ರು ಕುರ್ಚಿ ಬಿಟ್ಟು ಏಳೋದೇ ಇಲ್ಲ." ಅವರು ಕಾರು ಹತ್ತಿ ಗಾಜು ಇಳಿಸಿದರು. "ಆದ್ರೆ ಆತನಿಗೆ ಸೂಕ್ಷ್ಮದರ್ಶಕದ ತಲೆ ಯಾವುದು, ಬುಡ ಯಾವುದು ಅಂತಾನೂ ಗೊತ್ತಿಲ್ಲ. ಶನಿವಾರ ಶನಿವಾರ ಗುಡ್ಡ ಹತ್ತಿ ಹೋಗಿ ಹೇಳ್ಕೊಟ್ಟು ಬಂದ್ಬಿಡಿ. ಹೇಗೂ ನಿಮಗೆ ರಜಾ ಅಲ್ವಾ!"