ಚಿಕ್ಕಪ್ಪನ ಮೂರು ಸ್ವರ

ಒಂದು ಸ್ವರ ಒಂಟಿಯಾಗಿ ಕೇಳಿಸಿದರೆ ನಮ್ಮ ಚಿಕ್ಕಪ್ಪನಿಗೆ ಊಟ ಸೇರುತ್ತಿರಲಿಲ್ಲ! ಅಯ್ಯೋ ಪಾಪ ಎಂದು ಅದಕ್ಕೆ ಜೊತೆ ಹುಡುಕಲು ಹೊರಡುತ್ತಿದ್ದರು.

ದಾವಣಗೆರೆಯಲ್ಲಿ ನಾಟಕ ಕಂಪನಿಗಳ ಹಾರ್ಮೋನಿಯಂ ರಿಪೇರಿ ಮಾಡುವ ಪುಟ್ಟ ಅಂಗಡಿ ಅವರದು. ಒಮ್ಮೆ ಹರಿಹರದ ಚರ್ಚಿನ ಹಾರ್ಮೋನಿಯಂ ರಿಪೇರಿಗೆ ಹೋದವರು, ಅಲ್ಲಿನ ಪಾದ್ರಿಗಳು ಮೂರು ಸ್ವರ ಒಟ್ಟಿಗೆ ಒತ್ತಿ ನುಡಿಸುವುದನ್ನು ಕೇಳಿ ಬಂದರು. ಹಾರ್ಮೋನಿಯಂ ರಿಪೇರಿಯಾಯಿತು, ಚಿಕ್ಕಪ್ಪ ಕೆಟ್ಟರು.

ಬೆಳಿಗ್ಗೆ ಹತ್ತಿಮಿಲ್ಲಿನ ಕೂಗೂ ರೈಲಿನ ಸಿಳ್ಳೂ ಒಟ್ಟಿಗೆ ಕೇಳಿದರೆ ನಡುರಸ್ತೆಯಲ್ಲೇ ಕಣ್ಣು ಮುಚ್ಚಿ ನಿಲ್ಲುವರು. ಹಿಂದೆ ಅರಳೆ ಗಾಡಿಯವನು, "ದಾರಿ ಬಿಡ್ರಿ ಯಜಮಾನ್ರೇ!"

"ತಡಿಯಪ್ಪ, ಇನ್ನೊಂದು ಸ್ವರ ಬಂದ್ರೆ ಪೂರ್ತಿ ಆಗ್ತೈತೆ."

ಎತ್ತು 'ಅಂಬಾ' ಎಂದಿತು.

"ನೋಡ್ದೇನು? ಅದಕ್ಕೂ ಗೊತ್ತೈತೆ!"

"ಇದರಿಂದ ಉಪಯೋಗ ಏನ್ರಿ ಚಿಕ್ಕಪ್ಪ?" ಎಂದು ಕೇಳಿದೆ.

"ಸ, ಗ, ಪ ಕೂಡಿದ್ರೆ ಮನೇಲಿ ಇದ್ದಂಗೆ ಕಣೋ. ಬೇರೆ ಮೂರು ಹಿಡಿ, ಊರು ಬಿಟ್ಟು ಹೋದಂಗೆ. ತಿರುಗಿ ಮೊದಲಿನವಕ್ಕೆ ಬಾ, ಎದೆ ಹೆಂಗೆ ಹಗುರ ಆಗ್ತೈತೆ ನೋಡು!"

ಮನೆಯ ಮಂಗಳಾರತಿಯಲ್ಲಿ ಪ್ರಯೋಗ ನಡೆಯಿತು. ಚಿಕ್ಕಮ್ಮನಿಗೆ ಸ, ಅಜ್ಜಿಗೆ ಗ, ನನಗೆ ಪ. ಮೂವರೂ ಬಾಯಿ ತೆಗೆದದ್ದೇ ತಡ, ಪಕ್ಕದ ಮನೆಯವರು ಓಡಿಬಂದರು. "ಯಾರಿಗೆ ಏನಾತ್ರಿ? ಡಾಕ್ಟರನ್ನ ಕರೀಲೇನು?" ತಪ್ಪು ಅಜ್ಜಿಯದೇ ಎಂದು ನಾನು ಸಾಧಿಸಿದೆ. ನನ್ನ ಕಂಠದ ಬಗ್ಗೆ ನನಗೆ ಅಷ್ಟು ಭರವಸೆ! ಊರಿನಲ್ಲಿ ಆ ಭರವಸೆ ಇದ್ದವನು ನಾನೊಬ್ಬನೇ ಎಂಬುದು ಮಾತ್ರ ಗೊತ್ತಿರಲಿಲ್ಲ.

ನನ್ನ ಮದುವೆ ಹರಿಹರದಲ್ಲಾಯಿತು. ಊಟದ ನಂತರ ಬೀಗರು ಉಪಚಾರಕ್ಕೆ, "ಅಳಿಯಂದ್ರು ಒಂದು ಹಾಡು ಹೇಳ್ರಿ" ಎಂದರು. ಬ್ಯಾಡ ಅನ್ನುವ ಜಾತಿಯೇ ನಾನು? ಅವರ ಮಾತು ಮುಗಿಯುವ ಮೊದಲೇ ಶುರುಮಾಡಿದೆ. ಚಿಕ್ಕಪ್ಪ ಹಾರ್ಮೋನಿಯಂ ಎಳೆದುಕೊಂಡು ಕೂತರು. ಹಾಡು ಮುಗಿದಾಗ ಚಪ್ಪಾಳೆಯೋ ಚಪ್ಪಾಳೆ! ನಾನು ಮಾತ್ರ ಚಿಕ್ಕಪ್ಪನನ್ನು ಮೂಲೆಗೆ ಕರೆದು ರೇಗಿದೆ. "ಯಾಕ್ರಿ ಹಂಗೆ ಅಡ್ಡಾದಿಡ್ಡಿ ಬಾರ್ಸಿದ್ರಿ? ಸ್ವಲ್ಪದರಲ್ಲಿ ನನ್ನ ಹಾಡು ಕೆಡ್ತಿತ್ತು!"

"ತಪ್ಪಾತಪ್ಪ" ಎಂದು ಅವರು ನಕ್ಕರು.

ಆರು ತಿಂಗಳ ಮೇಲೆ, ಅಡುಗೆಮನೆ ಬಾಗಿಲಲ್ಲಿ ಅದೇ ಹಾಡು ಹಾಡಿದೆ. ಸಂಗೀತ ಕಲಿತಿದ್ದ ನನ್ನ ಹೆಂಡತಿ ಸೌಟು ಕೆಳಗಿಟ್ಟಳು.

"ಒಂದು ಮಾತು ಹೇಳ್ಲೇನ್ರಿ? ಮದುವೇಲಿ ನೀವು ನಾಲ್ಕು ಕಡೆ ಜಾರಿದ್ರಿ. ಗಾಂಧಾರದ ಜಾಗದಾಗೆ ಮಧ್ಯಮ ಹಿಡಿದ್ರಿ. ಚಿಕ್ಕಮಾವನೋರು ತಟ್ಟನೆ ಅದರ ಕೆಳಗೆ ಮ, ದ, ಸ ಒತ್ತಿದ್ರು. ನಿಮ್ಮ ತಪ್ಪು ಸ್ವರ ಬೇಕಂತಲೇ ಹಾಡಿದಂಗೆ ಕೇಳಿಸ್ತು."

ನನಗೆ ಸೌಟಿನಿಂದ ಹೊಡೆಸಿಕೊಂಡಂತಾಯಿತು. ಸೀದಾ ಅಂಗಡಿಗೆ ಹೋದೆ. ಚಿಕ್ಕಪ್ಪ ಹಳೆಯದೊಂದು ಹಾರ್ಮೋನಿಯಂ ಬಿಚ್ಚಿ ಧೂಳು ಒರೆಸುತ್ತಿದ್ದರು.

"ನಾನು ಜಾರಿದ್ದು ಅವತ್ತೇ ಯಾಕ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಮತ್ತೆ ಹಾಡ್ತಿದ್ದೇನೋ?" ಎಂದರು ತಲೆ ಎತ್ತದೆ. "ಅದು ತಪ್ಪು ಸ್ವರ ಅಲ್ಲ ಬಿಡು. ಒಬ್ಬಂಟಿ ಇತ್ತು, ಅಷ್ಟೇ."

ಆಮೇಲೆ ಇನ್ನೊಂದು ಹಾರ್ಮೋನಿಯಂ ಮುಂದಕ್ಕೆಳೆದು, "ಕೂಡು. ಈಗ ಹಾಡು" ಎಂದರು.

ಬಾಯಿ ತೆರೆದೆ. ಜೀವನದಲ್ಲಿ ಮೊದಲ ಸಲ ನನಗೆ ದನಿ ಹೊರಡಲಿಲ್ಲ. ಚಿಕ್ಕಪ್ಪ ಅವಸರ ಮಾಡಲಿಲ್ಲ. ಮೆಲ್ಲಗೆ ತಿದಿ ಒತ್ತುತ್ತಾ, ಮೂರು ಸ್ವರ ಹಿಡಿದುಕೊಂಡು ಕಾಯುತ್ತಾ ಕೂತರು.