ಬಿಗಿ ಗಟ್ಟಿಂಗ್

"ಹೊಡೀರಿ ಅಂದ್ರೆ ಕಾಕ್‌ನ ಮೈ ಸವರ್ತೀರಲ್ರೀ!"

ಹಿಂದಿನ ಸಂಜೆ ಕಚೇರಿಯ ಹಿತ್ತಲ ಅಂಗಳದಲ್ಲಿ ಬ್ಯಾಡ್ಮಿಂಟನ್ ಆಡುವಾಗ ಎಲ್ಲರೆದುರು ಸಾಹೇಬರು ಆಡಿದ ಈ ಮಾತಿಗೆ ನಕ್ಷೆಗಾರನ ಪಿತ್ತ ನೆತ್ತಿಗೇರಿತ್ತು. ಅವನ ಕೋಪಕ್ಕಿದ್ದ ಬಲದಲ್ಲಿ ಕಾಲುಭಾಗ ತೋಳಿಗಿದ್ದಿದ್ದರೆ ಈ ಕತೆಯೇ ಹುಟ್ಟುತ್ತಿರಲಿಲ್ಲ. "ನಾಳೆ ನಿಮ್ಮನ್ನ ಸೋಲಿಸದೇ ಹೋದ್ರೆ ನನ್ನ ಕಿಟಕಿ ಮೇಜನ್ನೇ ಬಿಟ್ಟುಕೊಡ್ತೀನಿ ಸಾರ್!" ಎಂದು ಕೂಗಿಬಿಟ್ಟಿದ್ದ.

ಹನ್ನೊಂದು ವರ್ಷದಿಂದ ಕೂತ ಮೇಜು ಅದು. ಭೂಮಾಪನ ಕಚೇರಿಯ ಕೆಳಮಹಡಿಯಲ್ಲಿ ಬೆಳಕು ಬೀಳುವುದು ಅಲ್ಲೊಂದೇ ಕಡೆ. ಅಲ್ಲಿ ಕೂದಲೆಳೆಯಂಥ ಗಡಿಗೆರೆಯೂ ಕಾಣುತ್ತದೆ. ಉಳಿದ ಒಂದೇ ಜಾಗವೆಂದರೆ ಕಪಾಟುಗಳ ಹಿಂದಿನ ಮೂಲೆ. ಅಲ್ಲಿ ಕೂತವನಿಗೆ ಕೈಯಲ್ಲಿರುವ ಪೆನ್ಸಿಲ್ಲೂ ಕಾಣದು.

ಬೆಳಿಗ್ಗೆ ಬಂದವನೇ ಹೊಸ ರಾಕೆಟ್ ಕೊಳ್ಳುವುದಾಗಿ ಸಾರಿದ. ಅಷ್ಟೇ ಸಾಕಾಯಿತು.

"ಭಾರದ್ದು ತಗೊಳ್ಳಿ. ಅದರ ತೂಕಾನೇ ಹೊಡೆಯತ್ತೆ" ಎಂದಳು ಟೈಪಿಸ್ಟಕ್ಕ.

"ಭಾರದ್ದು ಎತ್ತೋಕೆ ಇವರ ಜೊತೆ ಇನ್ನೊಬ್ಬರು ಬೇಕಾಗತ್ತೆ. ಹಗುರದ್ದೇ ಸರಿ" ಎಂದ ಕಡತಗಳನ್ನು ಹೊಲಿಯುವ ಬೈಂಡರ್.

ಊಟದ ಬಿಡುವಿನಲ್ಲಿ, ಬೇಡ ಬೇಡವೆಂದರೂ ಇಬ್ಬರೂ ಅಂಗಡಿಯವರೆಗೂ ಅವನ ಬೆನ್ನುಹತ್ತಿದರು.

ರಾಕೆಟ್ಟಿಗೆ ಗಟ್ಟಿಂಗ್‌ನ ದಾರದ ಬಲೆ ಹೆಣೆಯುತ್ತ ಕೂತಿದ್ದ ಅಂಗಡಿಯ ಮುದುಕ ನಕ್ಷೆಗಾರನ ತೋಳನ್ನು ಬದನೆಕಾಯಿ ಒತ್ತಿದಂತೆ ಒತ್ತಿ ನೋಡಿದ. "ನಿಮಗೆ ಬಳುಕೋ ಕಡ್ಡಿಯ ರಾಕೆಟ್ ಸರಿಹೋಗತ್ತೆ. ಗಟ್ಟಿಂಗ್ ಸಡಿಲ ಹಾಕ್ತೀನಿ. ಕಸುವಿಲ್ಲದ ಕೈಗೆ ಆ ಬಲೆಯೇ ಕಾಕ್‌ನ ಚಿಮ್ಮಿಸಿ ಕೊಡತ್ತೆ."

ಮುದುಕ ಹೇಳಿದ್ದು ಅಪ್ಪಟ ಸತ್ಯ. ಆದರೆ 'ಕಸುವಿಲ್ಲದ ಕೈ' ಎಂದಮೇಲೆ ಮುಂದಿನದು ನಕ್ಷೆಗಾರನ ಕಿವಿಗೆ ಬೀಳಲೇ ಇಲ್ಲ.

"ಯಾರಿಗ್ರೀ ಸಡಿಲ? ಚಾಂಪಿಯನ್ನರು ಹಿಡಿಯೋ ಆ ಗಟ್ಟಿ ಕಡ್ಡೀದು ಕೊಡಿ. ಎಷ್ಟು ಬಿಗಿ ಆಗತ್ತೋ ಅಷ್ಟೂ ಬಿಗೀರಿ!"

"ಅದು ಬಲ ಇರೋರಿಗೆ ಸ್ವಾಮಿ. ಬಿಗಿದಷ್ಟೂ ನಿಮ್ಮ ಕಾಕ್ ಹತ್ತಿರಾನೇ ಬೀಳತ್ತೆ."

"ಬಿಗೀರಿ ಅಂದೆ!"

"ನನಗೇನು" ಎಂದು ಮುದುಕ ಬಿಗಿದ. ಬೆರಳು ತಾಗಿಸಿದರೆ ಟಿಣ್ ಎನ್ನುವಷ್ಟು ಬಿಗಿದ.

ಸಂಜೆ ಆ ರಾಕೆಟ್ ನೋಡಿದ್ದೇ ಸಾಹೇಬರ ಮುಖ ಗಂಭೀರವಾಯಿತು. ಅಂಗಳದ ಹಿಂಗೆರೆಯವರೆಗೂ ಸರಿದು ನಿಂತರು. ನಕ್ಷೆಗಾರ ಹಲ್ಲು ಕಚ್ಚಿ, ಹನ್ನೊಂದು ವರ್ಷದ ಸಿಟ್ಟನ್ನೆಲ್ಲ ಸೇರಿಸಿ ಬೀಸಿದ. ಏಟು ಅವನ ಭುಜಕ್ಕೇ ತಿರುಗಿ ಬಡಿಯಿತು. ಕಾಕ್ ಮಾತ್ರ ತೆವಳಿಕೊಂಡು ನೆಟ್ ದಾಟಿ ಆಚೆಗೆ ತೊಪ್ಪನೆ ಬಿತ್ತು. ಸಾಹೇಬರು ಓಡಿ ಬರುವಷ್ಟರಲ್ಲಿ ಪಾಯಿಂಟ್ ಹೋಗಿತ್ತು.

"ಇದೇನ್ರೀ ಮೋಸ! ಅಷ್ಟು ದೊಡ್ಡ ಬೀಸಿಗೆ ಇಷ್ಟು ಸಣ್ಣ ಏಟಾ?"

ನಕ್ಷೆಗಾರನ ಮೈ ಉರಿದುಹೋಯಿತು. ಇನ್ನೂ ಜೋರಾಗಿ ಬೀಸಿದ. ಕಾಕ್ ಆಚೆಗೆ ನೆಟ್ಟಿಗೆ ಇನ್ನೂ ಹತ್ತಿರ ಬಿತ್ತು. ಅವನು ಕೈಯೆತ್ತಿದ ರಭಸ ಕಂಡರೆ ಸಾಹೇಬರ ಕಾಲು ತಾನಾಗಿ ಹಿಂದಕ್ಕೆ ಹೋಗುತ್ತಿತ್ತು. ಮತ್ತೆ ಮುಂದಕ್ಕೆ ಬೀಳುತ್ತ ಏಳುತ್ತ ಓಡುತ್ತಿದ್ದರು. ಕೊನೆಯ ಪಾಯಿಂಟಿಗೆ ನೆಟ್ಟಿನ ಬುಡಕ್ಕೆ ಹಾರಿದವರು ಮಂಡಿ ಹಿಡಿದು ಕೂತೇಬಿಟ್ಟರು. ನಕ್ಷೆಗಾರ ಗೆದ್ದಿದ್ದ.

"ಆಹಾ, ಎಂಥಾ ನಯವಾದ ಕೈ! ಹೂ ಇಟ್ಟ ಹಾಗೆ ಇಟ್ಟಿರಿ!" ಎಂದಳು ಟೈಪಿಸ್ಟಕ್ಕ.

"ನಯ ಅಲ್ಲ ಕಣ್ರೀ! ಜೋರಾಗಿ ಹೊಡೆದೆ! ಕೊಂದೇಬಿಡೋ ಹಾಗೆ ಹೊಡೆದೆ!"

ಯಾರೂ ನಂಬಲಿಲ್ಲ. ಹೋಗಲಿ, ಮೇಜಂತೂ ಉಳಿಯಿತೆಂದು ಅವನು ಉಸಿರುಬಿಟ್ಟ.

ಅಷ್ಟರಲ್ಲಿ ಪಕ್ಕದ ಕ್ಲಿನಿಕ್ಕಿನ ಡಾಕ್ಟರ್ ಬಂದು ಸಾಹೇಬರ ಮಂಡಿ ಒತ್ತಿ ನೋಡಿದರು. "ಮೂರು ತಿಂಗಳು ಮೆಟ್ಟಿಲು ಹತ್ತೋ ಹಾಗಿಲ್ಲ."

ಸಾಹೇಬರು ಮೇಲ್ಮಹಡಿಯ ತಮ್ಮ ಕೋಣೆಯತ್ತ ನೋಡಿದರು. ಆಮೇಲೆ ನಕ್ಷೆಗಾರನತ್ತ ನೋಡಿದರು.

"ಗೆದ್ದಿರಿ, ಒಪ್ಪಿದೆ. ಮೇಜು ನಿಮ್ಮದೇ. ಆದ್ರೆ ಇನ್ನು ನಾನು ಕೆಳಗೇ ಕೂರಬೇಕಲ್ಲ, ಬೆಳಕು ಇರೋದು ಅಲ್ಲೊಂದೇ ಕಡೆ."

"ಹಾಗಾದ್ರೆ ಸಾರ್, ನಾನು ನಿಮ್ಮ ಕೋಣೇಲಿ..."

"ಅದಕ್ಕೆ ಬೀಗ ಹಾಕಿಸ್ತೀನಿ. ನಿಮ್ಮ ಮೇಜನ್ನ ಯಾರೂ ಕಿತ್ಕೊಳಲ್ಲ ಬಿಡಿ. ಬೈಂಡರ್, ಇವರ ಮೇಜನ್ನ ಹುಷಾರಾಗಿ ಕಪಾಟಿನ ಹಿಂದೆ ಇಡಿ. ನನ್ನದನ್ನ ಕಿಟಕಿ ಹತ್ರ ತನ್ನಿ."

ನಕ್ಷೆಗಾರ ಕಿಡಿಕಿಡಿಯಾದ. ರಾಕೆಟ್ಟನ್ನು ತಲೆಯ ಮೇಲೆತ್ತಿ, ಆಚೆಯ ಕಾಂಪೌಂಡು ದಾಟಿ ಹೋಗಲೆಂದು ಮೈಯ ಬಲವನ್ನೆಲ್ಲ ಹಾಕಿ ಎಸೆದ.

ಅದು ನೆಟ್ ದಾಟಿ, ಒಂದು ಗೇಣು ಆಚೆಗೆ ಬಿತ್ತು.