ಕೆಸರೆಯವರ ಚೌಕ ಯಾಕೆ ಚಿಕ್ಕದು?

“ಚೀಲ ಹೊಲಿಯೋ ಸಂಘದ ಅಕ್ಕನ ಮನೆ ಎಲ್ಲಿ?” ಅಂತ ಕೆಸರೆಯಲ್ಲಿ ನಾನು ಕೇಳಿದ್ದು ಅದು ನಾಲ್ಕನೇ ಸಲ. ಸೊಪ್ಪು ಮಾರುತ್ತಿದ್ದಾಕೆ ನನ್ನ ಕಂಕುಳಲ್ಲಿದ್ದ ಕಾಗದದ ಸುರುಳಿ ನೋಡಿ, “ಸರ್ವೇಗೆ ಬಂದ್ರಾ?” ಎಂದಳು.

“ಅಲ್ಲ, ಒಂದು ಬಾಕಿ ತೀರಿಸೋಕೆ.”

“ಬಾಕಿ ತೀರ್ಸೋಕೆ ಮನೆ ಹುಡ್ಕೊಂಡ್ ಬರೋರ್ನ ಇವತ್ತೇ ನೋಡಿದ್ದು ಕಣಮ್ಮ. ನೀರಿನ ಟ್ಯಾಂಕ್ ಹತ್ರ ಎಡಕ್ಕೆ ತಿರುಗಿ.”

ಲಿಸ್ಬನ್ನಿನ ಮೆಟ್ಟಿಲು ಬೀದಿಗಳಲ್ಲಿ, ಹನೋಯ್‌ನ ಸ್ಕೂಟರ್ ಸಂದಣಿಯಲ್ಲಿ ದಾರಿ ತಪ್ಪಿದವಳು ನಾನು, ಹುಟ್ಟಿದೂರಿನಲ್ಲೂ ತಪ್ಪುತ್ತೇನೆ. ಅಂಕಿಅಂಶಗಳನ್ನು ಗ್ರಾಫ್ ಮಾಡುವ ಪ್ರೋಗ್ರಾಂ ಬರೆಯುವುದು ನನ್ನ ಕೆಲಸ. ಒಬ್ಬಳೇ ಕೂತು ಮಾಡುವಂಥದ್ದು. ಆದರೂ ನಗು ಬರಿಸುವ ಪ್ರಸಂಗಗಳು ಹೇಗೋ ನನ್ನ ವಿಳಾಸ ಪತ್ತೆ ಮಾಡಿಕೊಂಡು ಬರುತ್ತವೆ. ಸಂಜೆ ಹೇಳಿಕೊಳ್ಳೋಣವೆಂದರೆ ಮನೆಯಲ್ಲಿ ಇನ್ನೊಬ್ಬರಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಶಾಲು

ಬಟ್ಟೆ ಚೀಲ ಹೊಲಿಯುವ ಹೆಂಗಸರ ಆ ಸಂಘಕ್ಕೆ ಮೂರು ಗುಂಪು: ವಿದ್ಯಾರಣ್ಯಪುರಂ, ಮಂಡಿ ಮೊಹಲ್ಲಾ, ಕೆಸರೆ. ಯಾವ ಗುಂಪು ಯಾವ ತಿಂಗಳು ಎಷ್ಟು ಹೊಲಿಯಿತು ಅಂತ ಒಂದೇ ಹಾಳೆಯಲ್ಲಿ, ಒಂದರ ಪಕ್ಕ ಒಂದು, ಮೂರು ಚೌಕದ ಗ್ರಾಫ್ ಹಾಕಿಕೊಟ್ಟೆ. ಪ್ರೋಗ್ರಾಂ ಹಾಳೆಯನ್ನೇನೋ ಮೂರು ಸಮಪಾಲು ಮಾಡಿತು. ಆದರೆ ಚೌಕದ ಎಡಕ್ಕೆ ಬರೆಯುವ ಅಂಕಿಗೆ ಬೇಕಾದ ಜಾಗವನ್ನು ಆಯಾ ಚೌಕದಿಂದಲೇ ಕಿತ್ತುಕೊಂಡಿತು. ಎಲ್ಲರಿಗಿಂತ ಹೆಚ್ಚು ಹೊಲಿದ ಕೆಸರೆಯವರದು ಐದಂಕಿ ಸಂಖ್ಯೆ. ಹಾಗಾಗಿ ಅವರ ಚೌಕವೇ ಎಲ್ಲಕ್ಕಿಂತ ಕಿರಿದು!

ವಾರ್ಷಿಕ ಸಭೆಗೆ ಬಂದ ಅತಿಥಿಗಳು ಕನ್ನಡಕ ಮರೆತಿದ್ದರು. ಗೋಡೆಗೆ ಹಚ್ಚಿದ ಹಾಳೆಯಲ್ಲಿ ದೊಡ್ಡದಾಗಿ ಕಂಡ ಚೌಕದವರೇ ಮೊದಲು ಅಂದುಕೊಂಡು, ಎಲ್ಲರಿಗಿಂತ ಕಡಿಮೆ ಹೊಲಿದ ವಿದ್ಯಾರಣ್ಯಪುರಂ ಗುಂಪಿಗೆ ಶಾಲು ಹೊದಿಸಿಬಿಟ್ಟರು. ಕೆಸರೆ ಗುಂಪಿನ ಹಿರಿಯಕ್ಕ ಎದ್ದು ನಿಂತರು.

“ಏನಮ್ಮ, ನಮ್ ಚೌಕ ಯಾಕೆ ಇಷ್ಟೇ ಇಷ್ಟು?”

“ನೀವು ಜಾಸ್ತಿ ಹೊಲಿದಿದ್ದೀರಿ, ಅದಕ್ಕೆ.”

ಸಭೆ ಗೊಳ್ಳೆಂದಿತು. ಶಾಲು ವಾಪಸ್ ಕೇಳುವ ಹಾಗಿಲ್ಲ. ಮೂರೂ ಸಮ ಇರುವ ಹಾಳೆಯನ್ನು ನಾನೇ ಮನೆಗೆ ತಂದುಕೊಡುತ್ತೇನೆ ಅಂತ ಎಲ್ಲರೆದುರು ಮಾತು ಕೊಟ್ಟೆ.

“ತಂದ್ರೆ ತನ್ನಿ, ಬಿಟ್ರೆ ಬಿಡಿ,” ಎಂದರು ಅಕ್ಕ. “ಬರೋ ವರ್ಷ ನಾವು ಹೊಲಿಯೋದೇ ನಿಲ್ಲಿಸ್ಬುಡ್ತೀವಿ. ಇಡೀ ಗೋಡೆ ನಮ್ದೇ ಆಗ್ತದೆ.”

ಎರಡು ಲೋಟ ಕಾಫಿ

ವಿದ್ಯಾರಣ್ಯಪುರಂನಲ್ಲಿ ಮಹಡಿ ಮೇಲಿನ ಒಂದು ರೂಮು ನನ್ನದು. ಸಭೆಯ ಮಾರನೇ ದಿನ ಬೆಳಗಿನಿಂದ ಲ್ಯಾಪ್‌ಟಾಪಿಗೆ ಬೈಯುತ್ತಿದ್ದೆ: “ಯಾಕೆ ಹೀಗೆ ಹರಡ್ಕೋತೀಯ? ಪಕ್ಕದವರಿಗೂ ಜಾಗ ಬಿಡು. ನಿನ್ನ ಜೊತೆ ಏಗಿ ಸಾಕಾಯ್ತು ನನಗೆ!”

ಸ್ವಲ್ಪ ಹೊತ್ತಿಗೆ ಕೆಳಗಿನ ಓನರ್ ಆಂಟಿ ಎರಡು ಲೋಟ ಕಾಫಿ ಹಿಡಿದು ಬಂದರು. ಅವರ ಕಣ್ಣು ನನ್ನ ಭುಜದಾಚೆ ರೂಮನ್ನೆಲ್ಲ ಜಾಲಾಡಿತು.

“ಜಗಳ ಕೇಳಿಸ್ತು. ಅಬ್ಬ, ಯಾರೋ ಬಂದಿದ್ದಾರಲ್ಲ ಅಂತ ಖುಷಿಯಾಯ್ತು ಕಣಮ್ಮ.”

“ಯಾರೂ ಇಲ್ಲ ಆಂಟಿ. ಗ್ರಾಫು.”

ಅವರ ಮುಖ ಇಳಿದುಹೋಯಿತು. ಎರಡನೇ ಲೋಟ ವಾಪಸ್ ಒಯ್ಯಲು ಮನಸ್ಸಾಗದೆ ಅಲ್ಲೇ ಇಟ್ಟು ಹೋದರು. ಎರಡನ್ನೂ ನಾನೇ ಕುಡಿದೆ. ಗ್ರಾಫಿನ ಪಾಲಿನದು ಸ್ವಲ್ಪ ಆರಿತ್ತು.

ಫ್ರೀ ಸೇವೆ

ಆರಿದ ಕಾಫಿಯ ಹೊತ್ತಿಗೆ ದಾರಿ ಹೊಳೆದಿತ್ತು. ಹಾಳೆ ಹಂಚುವುದಲ್ಲ, ಚೌಕದ ಅಳತೆ ಮೊದಲು ಗಟ್ಟಿ ಮಾಡಬೇಕು, ಅಂಕಿಗಳು ಹೊರಗೆ ಬೇಕಾದಷ್ಟು ಕಾಲು ಚಾಚಲಿ. ಮಂಡಿ ಮೊಹಲ್ಲಾದ ಪ್ರಿಂಟಿಂಗ್ ಅಂಗಡಿಗೆ ಹೋಗಿ, “ಸೈಜ್ ಮುಟ್ಟಬೇಡಿ” ಎಂದು ಹೇಳಿ ಟೀ ಕುಡಿಯಲು ಹೋದೆ. ಬರುವಷ್ಟರಲ್ಲಿ ಕೆಸರೆ ಮತ್ತೆ ಕುಗ್ಗಿತ್ತು.

“ಉಳಿದೆರಡರ ಪಕ್ಕ ಬಿಳಿ ಜಾಗ ವೇಸ್ಟ್ ಆಗ್ತಿತ್ತು ಮೇಡಂ, ಆ ಚೌಕಗಳನ್ನ ಎಳೆದು ತುಂಬಿಸಿದೆ,” ಎಂದರು ಅಂಗಡಿಯವರು. “ಅದಕ್ಕೆ ಎಕ್ಸ್‌ಟ್ರಾ ಏನೂ ಬೇಡ.”

ಎರಡನೇ ಸಲ ಪಕ್ಕದಲ್ಲೇ ಕಾವಲು ನಿಂತೆ. ಅವರು ಬಹಳ ನೊಂದುಕೊಂಡು ಕೇಳಿದರು: “ಈ ಬಿಳಿ ಜಾಗ ಬಿಟ್ಟಿದ್ದು ನಾನಲ್ಲ ಅಂತ ಕೆಳಗೆ ಸಣ್ಣದಾಗಿ ಹಾಕ್ಬಿಡ್ಲಾ?”

ತೋಳು

ಟ್ಯಾಂಕಿನ ಎಡಕ್ಕೆ ಅಕ್ಕನ ಮನೆ ಸಿಕ್ಕಿತು. ನಾಲ್ಕು ಹೆಂಗಸರು ಮಿಷನ್ ತುಳಿಯುತ್ತಿದ್ದರು. ಹಾಳೆ ಕೊಟ್ಟರೆ ಅಕ್ಕ ಹಾಳೆ ನೋಡಲಿಲ್ಲ, ನನ್ನನ್ನು ನೋಡಿದರು. ಕೊರಳಿನ ಟೇಪು ತೆಗೆದು ನನ್ನ ಕುರ್ತಾದ ತೋಳು ಅಳೆದರು.

“ಬಲಗೈ ಹದಿನೇಳು ಇಂಚು, ಎಡಗೈ ಹದಿನೈದೂವರೆ. ಎಷ್ಟು ದಿವ್ಸದಿಂದ ಹಾಕ್ತಿದ್ದೀಯಮ್ಮ ಇದನ್ನ?”

“ನಾಲ್ಕು ವರ್ಷ. ಮೂರು ದೇಶ ಸುತ್ತಿದೆ ಅಕ್ಕ.”

“ಮೂರು ದೇಶದಲ್ಲೂ ಯಾರ್ಗೂ ಕಣ್ಣಿರ್ಲಿಲ್ವ? ಓಗ್ಲಿ, ಮನೇಲಿ ಯಾರೂ ಹೇಳ್ಲಿಲ್ವ?”

“ಮನೇಲಿ ಯಾರೂ ಇಲ್ಲ.”

ಅಕ್ಕ ನನ್ನ ಬಲಗೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಆಮೇಲೆ ಕೂಗಿದರು: “ಬನ್ರೇ ಇಲ್ಲಿ! ತನ್ ತೋಳೇ ಸಮ ಇಲ್ದೋಳು ನಮ್ ಚೌಕ ಸಮ ಮಾಡವ್ಳಂತೆ!”

ನಾಲ್ಕೂ ಮಿಷನ್ನು ನಿಂತವು. ನಗು ಮುಗಿದ ಮೇಲೆ ಒಬ್ಬಳು ಹಾಳೆ ಹಾಸಿ ಟೇಪು ಹಿಡಿದಳು. ನನ್ನ ಬಲಗೈ ಹಿಡಿದುಕೊಂಡೇ ಅಕ್ಕ ಕಿವಿಗೊಟ್ಟರು. ವಿದ್ಯಾರಣ್ಯಪುರಂ, ಆರೂವರೆ. ಮಂಡಿ ಮೊಹಲ್ಲಾ, ಆರೂವರೆ. ಕೆಸರೆಗೆ ಬಂದಾಗ ಎರಡೆರಡು ಸಲ ಅಳೆದಳು.

“ಆರೂವರೆ ಕಣಕ್ಕ!”

“ಎಂಗೆ ಮಾಡ್ದೆ?” ಎಂದರು ಅಕ್ಕ.

“ಚೌಕ ಮೊದಲು, ಅಂಕಿ ಆಮೇಲೆ.”

“ಅಂಗಿಗೂ ಮೈ ಮೊದ್ಲು ಕತ್ತರಿಸಿ ತೋಳು ಆಮೇಲೆ ಹಚ್ಚೋದು. ಇಷ್ಟೇ ತಾನೆ? ಕೇಳಿದ್ರೆ ನಾನೇ ಹೇಳ್ತಿದ್ದೆ.”

ಹಾಳೆ ಗೋಡೆಗೇರಿತು. “ಬಾಕಿ ತೀರ್ತು ಬುಡು,” ಎಂದರು.

ಇನ್ನು ಇಲ್ಲಿಗೆ ಬರಲು ನೆಪವಿಲ್ಲ ಅನ್ನಿಸಿ, ಎದ್ದು, “ಹಾಗಾದ್ರೆ ಹೊರಡ್ಲಾ ಅಕ್ಕ?” ಎಂದೆ.

“ಎಲ್ಲಿಗೆ? ಈ ತೋಳು ಹಾಕ್ಕೊಂಡಾ?”

ನೋಡಿದೆ. ಅಳತೆ ನಡೆಯುತ್ತಿದ್ದಾಗಲೇ ಬಲತೋಳಿನ ಹೊಲಿಗೆಯನ್ನು ಅಕ್ಕ ಪೂರ್ತಿ ಬಿಚ್ಚಿಬಿಟ್ಟಿದ್ದರು.